ಕೌಂಟರಿನ ಈಚೆ

ಮರಣ ನೋಂದಣಿಯ ಸಾಲಿನಲ್ಲಿ ನಿಂತಿದ್ದೆ. ಕೌಂಟರಿನ ಒಳಗೆ ನೋಂದಣಿ ಅಧಿಕಾರಿಣಿ ನಗರಸಭೆಯ ಕಾನೂನು ಸಲಹೆಗಾರರನ್ನು ಕೇಳುತ್ತಿದ್ದರು.

“ಸರ್, ನಮ್ಮಣ್ಣನ ಮರಣ ನಾನೇ ನೋಂದಾಯಿಸಬಹುದಾ?”

“ಬೇಡಮ್ಮ. ಸ್ವಂತದವರ ಕೆಲಸಕ್ಕೆ ನೀವು ಸಹಿ ಹಾಕೋ ಹಾಗಿಲ್ಲ.”

“ಅವನ ಅಂಗಡಿ ಲೈಸೆನ್ಸಿನ ಅರ್ಜಿ ಬಂದಾಗಲೂ ಹೀಗೇ ಅಂದಿದ್ರಿ. ನಾನು ಕೈ ಹಾಕ್ಲಿಲ್ಲ.”

“ಸರಿಯಾಗೇ ಮಾಡಿದ್ರಿ.”

“ಅರ್ಜಿ ನೋಡಿದ ಬೇರೆ ಅಧಿಕಾರಿ ಕೊಡಲ್ಲ ಅಂದ್ರು. ತಂಗಿನೇ ಹೊಟ್ಟೆ ಮೇಲೆ ಹೊಡೆದ್ಲು ಅಂದ್ಕೊಂಡ. ಕೊನೇವರೆಗೂ ಮಾತಾಡ್ಲಿಲ್ಲ ಸರ್.”

ಸಲಹೆಗಾರರು ಹೊರಗಿನ ನಮ್ಮ ಸಾಲಿನತ್ತ ಕೈ ತೋರಿಸಿದರು.

“ಮನೆಯವರಾಗಿ ವಿಷಯ ಬರೆಸಬಹುದಮ್ಮ. ಆದ್ರೆ ಆ ಕಡೆಯಿಂದ.”

ಆಕೆ ಎದ್ದು, ಹೊರಗೆ ಬಂದು ನನ್ನ ಹಿಂದೆ ನಿಂತರು.

“ನೀವು ಮುಂದೆ ಹೋಗಿ ಅಮ್ಮ,” ಎಂದೆ.

“ಬೇಡ. ನಾನು ಇಲ್ಲೇ ಕೆಲಸ ಮಾಡೋಳು, ಸಾಲು ತಪ್ಪಿಸಿದ್ರೆ ಚೆನ್ನಾಗಿರಲ್ಲ,” ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡರು.