ಮೂರು ಚಪ್ಪಾಳೆಗೂ ಒಂದೇ ಕೆಮ್ಮು

ಅಧ್ಯಕ್ಷ ಸ್ಥಾನದಲ್ಲಿ ಕುಳಿತು ಈಗಾಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಗ್ರಂಥಪಾಲಕರೇ, ಮುಖ್ಯ ಅತಿಥಿಗಳಾಗಿ ಬಂದು ನನಗಿಂತ ಮೊದಲೇ ಮಾತು ಮುಗಿಸಿಬಿಟ್ಟ ಜಾಣ ವೈದ್ಯರೇ, ನನ್ನ ಜೊತೆ ಎಂಟು ದಿನ ಸೈಕಲ್ ತುಳಿದು ಇವತ್ತಿಗೂ ಕುರ್ಚಿಯ ಮೇಲೆ ಓರೆಯಾಗಿ ಕೂರುತ್ತಿರುವ ಮೂವರು ಗೆಳೆಯರೇ, ಮತ್ತು ಅರುವತ್ತೇಳು ಮಂದಿ ಸಭಿಕರೇ,

ಅರುವತ್ತೇಳು ಎಂದೆ. ನಿರೂಪಣೆ ಮಾಡುತ್ತಿರುವ ತಂಗಿ ಈಗಷ್ಟೇ 'ಕಿಕ್ಕಿರಿದು ತುಂಬಿರುವ ಈ ಭವ್ಯ ಸಭಾಂಗಣ' ಎಂದಳು. ಅವಳ ಮೇಲೆ ನನಗೆ ಗೌರವವಿದೆ. ಆದರೆ ಇಲ್ಲಿ ನೂರಿಪ್ಪತ್ತು ಕುರ್ಚಿಗಳಿವೆ. ಅರುವತ್ತೇಳರ ಮೇಲೆ ಮನುಷ್ಯರಿದ್ದಾರೆ, ಒಂದರ ಮೇಲೆ ಯಾರದೋ ಕೊಡೆ ಕುಳಿತಿದೆ. ಕೊಡೆಯನ್ನು ನಾನು ಎಣಿಸಿಲ್ಲ. ಮೂರನೆಯ ಸಾಲಿನಲ್ಲಿ ಅಂಚೆ ಕಚೇರಿಯ ಹಿರಿಯರು ನಿದ್ದೆ ಮಾಡುತ್ತಿದ್ದಾರೆ, ಅವರನ್ನು ಎಣಿಸಿದ್ದೇನೆ. ದಯವಿಟ್ಟು ಯಾರೂ ಎಬ್ಬಿಸಬೇಡಿ, ಅವರಿಗೆ ಸಂಬಂಧಪಟ್ಟ ವಿಷಯವೊಂದು ಮುಂದೆ ಬರಲಿದೆ.

ಮಾತು ಶುರು ಮಾಡುವ ಮೊದಲು ಎರಡು ವಿನಂತಿ. ಒಂದು, ನನ್ನ ಭಾಷಣಕ್ಕೆ ಯಾರೂ ಚಪ್ಪಾಳೆ ತಟ್ಟಬಾರದು. ನನ್ನ ಹಿಂದಿನ ಭಾಷಣಗಳಲ್ಲಿ ನೀವು ಈ ನಿಯಮವನ್ನು ಹೇಳದೆಯೇ ಪಾಲಿಸಿದ್ದೀರಿ, ಇವತ್ತು ಹೇಳಿಯೇ ಕೇಳುತ್ತಿದ್ದೇನೆ. ಎರಡು, ಕೆಮ್ಮು ಬಂದವರು ತಡೆದುಕೊಳ್ಳಬೇಡಿ. ಆದರೆ ಒಬ್ಬೊಬ್ಬರೇ, ತಂತಮ್ಮ ಸ್ವಂತ ಶೈಲಿಯಲ್ಲಿ ಕೆಮ್ಮಬೇಕು. ಕಾರಣವನ್ನು ಆಮೇಲೆ ಹೇಳುತ್ತೇನೆ.

ನಮ್ಮ ಸೈಕಲ್ ಯಾತ್ರೆ ಏಕೆ ನಡೆಯಿತು ಎಂಬುದು ನಿಮಗೆ ಗೊತ್ತು. ಇದೇ ಗ್ರಂಥಾಲಯದ ಮಹಡಿಯ ಮೇಲೆ ಹರಿದ ಪುಸ್ತಕ ತುಂಬಿಡುವ ಕೋಣೆಯೊಂದಿತ್ತು. ಅದನ್ನು ಧ್ವನಿಮುದ್ರಣದ ಕೋಣೆ ಮಾಡಬೇಕು, ಕಣ್ಣು ಕಾಣದವರಿಗಾಗಿ ಅಲ್ಲಿ ಪುಸ್ತಕಗಳನ್ನು ಓದಿ ಮುದ್ರಿಸಬೇಕು. ಹಾಗೆಯೇ ಆಸ್ಪತ್ರೆಯ ಬಾಗಿಲಿಗೆ ಗಾಲಿಕುರ್ಚಿ ಹತ್ತುವ ಇಳಿಜಾರು ಬೇಕು. ಇವೆರಡಕ್ಕಾಗಿ ನಾಲ್ವರು ಎಂಟು ದಿನ, ಏಳುನೂರ ಹತ್ತು ಕಿಲೋಮೀಟರು ತುಳಿದೆವು. ಇಳಿಜಾರು ಮುಗಿದಿದೆ. ಕೋಣೆಯೂ ಸಿದ್ಧವಾಗಿದೆ. ಗೋಡೆಗೆ ದಪ್ಪ ಬಟ್ಟೆ ಹೊದಿಸಿದ್ದಾರೆ, ಮೇಜಿದೆ, ಮೈಕಿದೆ, ಒಳ್ಳೆಯ ದೀಪವಿದೆ. ಇಲ್ಲದಿರುವುದು ಒಂದೇ. ಓದುವವರು.

ಆ ನಾಲ್ವರು ಯಾರು? ಮೊದಲನೆಯವರು ಬೇಕರಿ ಅಣ್ಣ. ಪ್ರತಿ ಏರಿನಲ್ಲೂ ಸೈಕಲ್ಲಿನಿಂದ ಇಳಿದು, 'ಇದು ಹತ್ತೋದಕ್ಕಲ್ಲ, ನೋಡೋದಕ್ಕೆ ಮಾಡಿರೋ ಬೆಟ್ಟ' ಎಂದವರು. ಎರಡನೆಯವರು ನರ್ಸಕ್ಕ. ನಮ್ಮ ಕಾಲಿನ ಗುಳ್ಳೆಗಳಿಗೆ ಮುಲಾಮು ಹಚ್ಚುತ್ತಾ, 'ವಾರ್ಡಿನಲ್ಲಿ ಮಕ್ಕಳೂ ಇಷ್ಟು ಕೂಗಲ್ಲ' ಎಂದವರು. ಮೂರನೆಯವನು ಆಸ್ಪತ್ರೆಯ ಟೆಲಿಫೋನ್ ಆಪರೇಟರ್, ನನ್ನ ಗೆಳೆಯ. ಹುಟ್ಟಿನಿಂದ ಕಣ್ಣು ಕಾಣದು. ನೀವು ಎಂದಾದರೂ ಗಾಬರಿಯಲ್ಲಿ ಆಸ್ಪತ್ರೆಗೆ ಫೋನ್ ಮಾಡಿ, ನಿಮ್ಮ ಹೆಸರು ಹೇಳುವ ಮೊದಲೇ ಆ ಕಡೆಯಿಂದ 'ಸಮಾಧಾನ ಮಾಡ್ಕೊಳ್ಳಿ, ನಿಮ್ಮ ತಾಯಿಗೇನಾ?' ಎಂದು ಕೇಳಿದ್ದರೆ, ಅದು ಇವನೇ. ನಾಲ್ಕನೆಯವನು ನಾನು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು 'ಬಸ್ಸು ಇನ್ನೈದು ನಿಮಿಷದಲ್ಲಿ ಬರಲಿದೆ' ಎಂದು ಘೋಷಿಸುವವನು. ಅಂದರೆ, ನಿಷ್ಠೆಯಿಂದ ಸುಳ್ಳು ಹೇಳಲು ಸಂಬಳ ಪಡೆಯುವವನು.

ಆಪರೇಟರ್ ಮತ್ತು ನಾನು ತುಳಿದದ್ದು ಜೋಡಿ ಸೈಕಲ್ಲು. ಎರಡು ಸೀಟು, ಎರಡು ಜೊತೆ ಪೆಡಲು, ತಿರುಗುವ ಹ್ಯಾಂಡಲ್ಲು ಮಾತ್ರ ಒಂದೇ. ಹ್ಯಾಂಡಲ್ಲು ನನ್ನದು. ಹಿಂದಿನ ಸೀಟು, ಬಲವಾದ ಕಾಲು ಮತ್ತು ಬುದ್ಧಿ ಅವನದು. ಗಾಳಿಯಲ್ಲಿ ಮಾತು ಕೇಳಿಸುವುದಿಲ್ಲವೆಂದು ಒಂದು ಸಂಜ್ಞೆ ಮಾಡಿಕೊಂಡಿದ್ದೆವು. ಅವನು ನನ್ನ ಬೆನ್ನಿಗೆ ಎರಡು ಸಲ ತಟ್ಟಿದರೆ 'ಸರಿ, ಹೊರಡು'. ಒಂದು ಸಲ ತಟ್ಟಿದರೆ 'ನಿಲ್ಲಿಸು'.

ದಾರಿಯಲ್ಲಿ ಕಂಡದ್ದನ್ನೆಲ್ಲ ಅವನಿಗೆ ವರ್ಣಿಸುವುದು ನನ್ನ ಕೆಲಸ. ಸಭಿಕರೇ, ದಿನಕ್ಕೆ ತೊಂಬತ್ತು ಕಿಲೋಮೀಟರು. ಎಷ್ಟು ಹೊತ್ತು ಗದ್ದೆ, ಲೈಟುಕಂಬ, ಗದ್ದೆ, ಲೈಟುಕಂಬ ಎನ್ನಲಿ? ಎರಡನೆಯ ದಿನ ಮಧ್ಯಾಹ್ನ ನಾಲ್ಕು ರಸ್ತೆ ಕೂಡುವ ಕಡೆ ಒಂದು ಆನೆಯನ್ನು ನಿಲ್ಲಿಸಿದೆ.

'ವಾಹನಗಳಿಗೆ ದಾರಿ ತೋರಿಸ್ತಾ ಇದೆ' ಎಂದೆ.

'ಗಂಡೋ ಹೆಣ್ಣೋ?'

'ಸಮವಸ್ತ್ರದಲ್ಲಿದೆ, ಗೊತ್ತಾಗ್ತಿಲ್ಲ.'

'ವಾಸನೇನೇ ಇಲ್ವಲ್ಲೋ. ಸ್ನಾನ ಮಾಡಿಸಿ ಡ್ಯೂಟಿಗೆ ಹಾಕಿದ್ದಾರಾ?' ಎಂದು ಎರಡು ಸಲ ತಟ್ಟಿದ.

ಆಮೇಲೆ ನನಗೆ ಹಿಡಿತವೇ ಇರಲಿಲ್ಲ. ಮರದ ಮೇಲೆ ಕುಳಿತು ಪತ್ರಿಕೆ ಓದುವ ಮೇಷ್ಟ್ರು ಬಂದರು. ಸ್ಕೂಟರಿನ ಮೇಲೆ ಬೀರು ಸಾಗಿಸುವ ಅಜ್ಜಿ ಬಂದರು. ಬೀರುವಿನೊಳಗೆ ಅಜ್ಜ ಇದ್ದಾರೆಂದು ಕಂಡುಹಿಡಿದವನು ಅವನೇ. ಸುಳ್ಳು ಎಂದು ಅವನಿಗೆ ಗೊತ್ತಿತ್ತು, ಗೊತ್ತಿದೆ ಎಂದು ನನಗೆ ಗೊತ್ತಿತ್ತು. ಅಷ್ಟು ನಗುತ್ತಾ ಯಾರಾದರೂ ಏರು ಹತ್ತಿದ್ದಾರೆಯೇ?

ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಳ್ಳೆಯ ಅಭಿನಂದನಾ ಭಾಷಣವಾಗುತ್ತಿತ್ತು. ನಾನು ಸಿದ್ಧಪಡಿಸಿಕೊಂಡು ಬಂದದ್ದೂ ಇಲ್ಲಿಯವರೆಗೆ ಮಾತ್ರ. ಆದರೆ ಕಾರ್ಯಕ್ರಮ ಶುರುವಾಗುವ ಮೊದಲು, ಅಗೋ ಮುಂದಿನ ಸಾಲಿನಲ್ಲಿ ಕುಳಿತಿದ್ದಾರಲ್ಲ, ಆಪರೇಟರನ ಅಮ್ಮ, ಅವರು ನನ್ನ ಕೈ ಹಿಡಿದುಕೊಂಡು ಕೇಳಿದರು: 'ಅವನು ಮಾತಾಡ್ತಾನೇನಪ್ಪಾ?' ನಾನು 'ಖಂಡಿತಾ ಅಮ್ಮ' ಎಂದೆ. ಅದು ಇವತ್ತಿನವರೆಗಿನ ನನ್ನ ಕೊನೆಯ ಸುಳ್ಳು. ನಿಮ್ಮ ಕೈಯಲ್ಲಿರುವ ಆಹ್ವಾನ ಪತ್ರಿಕೆಯಲ್ಲಿ, ನನ್ನ ನಂತರ, 'ಓದುಗರಿಗೆ ಕರೆ: ಆಪರೇಟರ್' ಎಂದಿದೆ. ಮಧ್ಯಾಹ್ನವೇ ಅವನು ಬರುವುದಿಲ್ಲ ಎಂದಿದ್ದ. ನರ್ಸಕ್ಕನ ಒತ್ತಾಯಕ್ಕೆ ಬಂದು ಕುಳಿತಿದ್ದಾನೆ. ಮಾತಾಡುವುದಿಲ್ಲವಂತೆ. ಕಾರಣ ನಾನು.

ಐದನೆಯ ದಿನ ನಾವು ಒಂದು ಊರಿನ ಶಾಲೆ ತಲುಪಬೇಕಿತ್ತು. ಅಲ್ಲಿ ಸ್ವಾಗತ ಸಭೆ. ಅಲ್ಲಿಯವರೂ ಓದಲು ಮುಂದೆ ಬರಲಿ ಎಂದು ಆಪರೇಟರ್ ಮಾತಾಡಬೇಕು. ಆ ಭಾಷಣವನ್ನು ಅವನು ಮೂರು ವಾರ ತಿದ್ದಿದ್ದ. ಸೈಕಲ್ಲಿನ ಮೇಲೂ ನನ್ನ ಬೆನ್ನಿಗೆ ಹೇಳಿ ಹೇಳಿ, ನನ್ನ ಬೆನ್ನಿಗೆ ಅದು ಬಾಯಿಪಾಠವಾಗಿತ್ತು. ಬೇಕರಿ ಅಣ್ಣನ ಚಕ್ರ ಪಂಕ್ಚರ್ ಆಗಿ ಅವರು, ನರ್ಸಕ್ಕ ಹಿಂದುಳಿದಿದ್ದರು. ನಾವಿಬ್ಬರೇ ಶಾಲೆಯ ಗೇಟು ದಾಟಿದೆವು.

ಅಂಗಳದಲ್ಲಿ ಯಾರೂ ಇರಲಿಲ್ಲ. ಕೊಠಡಿಗಳಿಗೆ ಬೀಗ. ಧ್ವಜದ ಕಂಬ, ಒಂದು ನಲ್ಲಿ, ನಲ್ಲಿಯ ಕೆಳಗೆ ಒಂದು ಬಕೆಟ್ಟು.

'ಜನ ಬಂದಿದ್ದಾರೇನೋ?' ಎಂದ. ಅವನ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಳ್ಳುತ್ತಿದ್ದ.

ಆ ಬಾಚಣಿಗೆಯನ್ನು ನೋಡಿ ನಾನು 'ತುಂಬಾ' ಎಂದೆ.

ಆಮೇಲಿನದ್ದೆಲ್ಲ ನನ್ನ ಕಸುಬುದಾರಿಕೆ. ಮುಖ್ಯೋಪಾಧ್ಯಾಯರ ದನಿಯಲ್ಲಿ ನಾನೇ ಸ್ವಾಗತಿಸಿದೆ. ನರ್ಸಕ್ಕನ ಮಗಳ ಶಾಲಾ ವಾರ್ಷಿಕೋತ್ಸವದ ವಿಡಿಯೊ ನನ್ನ ಮೊಬೈಲಿನಲ್ಲಿತ್ತು, ಹಾಡು ಕೇಳಲು ಕಟ್ಟಿಕೊಂಡಿದ್ದ ಸ್ಪೀಕರ್ ಸೈಕಲ್ಲಿನಲ್ಲಿತ್ತು. ಆ ವಿಡಿಯೊದ ಚಪ್ಪಾಳೆಯ ತುಣುಕನ್ನು ಸ್ಪೀಕರಿನಲ್ಲಿ ಹಾಕಿದೆ. ಅವನು ಹನ್ನೆರಡು ನಿಮಿಷ ಮಾತಾಡಿದ. 'ನನಗೆ ಯಾರಾದರೂ ಒಂದು ಪುಸ್ತಕ ಓದಿ ಹೇಳುವಾಗ, ಅವರು ಪುಟ ಮಗುಚುವ ಸದ್ದು ಕೇಳುತ್ತದೆ. ಇನ್ನೂ ಪುಟಗಳಿವೆ ಎಂಬ ಆ ಸದ್ದಿನಷ್ಟು ಸುಖ ನನಗೆ ಬೇರೆ ಇಲ್ಲ' ಎಂದ. ಅಲ್ಲೊಮ್ಮೆ ಚಪ್ಪಾಳೆ ಹಾಕಿದೆ. ಕೊನೆಗೆ ಅವನು ಕೈ ಮುಗಿದಾಗ ಮತ್ತೊಮ್ಮೆ. ಅವನು ಕೈ ಮುಗಿದು ನಿಂತಿದ್ದ ದಿಕ್ಕಿನಲ್ಲಿ ನಲ್ಲಿ ಮತ್ತು ಬಕೆಟ್ಟು ಇದ್ದವು. ಅಷ್ಟರಲ್ಲಿ ಗೇಟಿನೊಳಗೆ ಬಂದ ನರ್ಸಕ್ಕ ನನ್ನನ್ನು ನೋಡಿದ ನೋಟಕ್ಕೆ ಯಾವ ಮುಲಾಮೂ ಇಲ್ಲ.

ಆರನೆಯ ದಿನ ಬೆಟ್ಟದ ಏರು. 'ಇನ್ನೊಂದೇ ತಿರುವು' ಎಂದು ನಾನು ಹದಿನಾಲ್ಕು ತಿರುವುಗಳಿಂದ ಹೇಳುತ್ತಾ ಬಂದಿದ್ದೆ. ಒಂದು ಕಡೆ ನೀರು ಕುಡಿಯಲು ನಿಂತೆವು.

'ನಿನ್ನೆ ಎಷ್ಟು ಜನ ಇದ್ರು?' ಎಂದ.

'ಇನ್ನೂರಕ್ಕೆ ಕಡಿಮೆ ಇಲ್ಲ.'

'ಅವರಲ್ಲಿ ಒಬ್ಬರಿಗೆ ಕೆಮ್ಮು ಇತ್ತು, ಅಲ್ವಾ?'

'ಇದ್ದಿರಬಹುದು.'

'ಮೂರು ಸಲ ಚಪ್ಪಾಳೆ ಬಿತ್ತು. ಮೂರು ಸಲಾನೂ, ಶುರುವಾಗಿ ನಾಲ್ಕು ಎಣಿಸೋ ಹೊತ್ತಿಗೆ, ಅದೇ ಕೆಮ್ಮು. ಮೊದಲನೇ ಸಲ ಪಾಪ ಅಂದ್ಕೊಂಡೆ. ಎರಡನೇ ಸಲ ನರ್ಸಕ್ಕನಿಗೆ ತೋರಿಸೋಣ ಅಂದ್ಕೊಂಡೆ. ಮೂರನೇ ಸಲ ನೀನು ನೆನಪಾದೆ.'

ನಾನು ನಗಲು ನೋಡಿದೆ. ಅವನು ನಗಲಿಲ್ಲ.

'ಆನೆ ಹೇಳು, ಒಂಟೆ ಹೇಳು, ನಾನೂ ಸೇರ್ಕೋತೀನಿ. ಆದ್ರೆ ಮಾತಾಡೋಕೆ ನಿಂತವನಿಗೆ ಎದುರಿಗೆ ಜನ ಇದ್ದಾರೆ ಅಂತ ಸುಳ್ಳು ಹೇಳಬಾರದು ಕಣೋ. ಖಾಲಿ ಅಂಗಳಕ್ಕೆ ಕೈ ಮುಗಿದೆ ನಾನು.'

'ನಿನಗೆ ಬೇಜಾರಾಗಬಾರದು ಅಂತ ಮಾಡಿದೆ' ಎಂದೆ.

'ಹೋಗ್ಲಿ ಬಿಡು. ಇನ್ಮೇಲೆ ಎದುರಿಗೆ ಯಾರಿದ್ದಾರೆ ಅಂತ ನಾನು ಯಾರನ್ನ ಕೇಳಲಿ?' ಎಂದು ಸೈಕಲ್ ಹತ್ತಿದ. ಅಲ್ಲಿಂದ ಊರು ಮುಟ್ಟುವವರೆಗೆ ತುಳಿಯುವುದನ್ನು ಒಂದು ಕ್ಷಣವೂ ಕಡಿಮೆ ಮಾಡಲಿಲ್ಲ. ಆದರೆ ನನ್ನ ಬೆನ್ನಿಗೆ ಒಂದು ಸಲವೂ ತಟ್ಟಲಿಲ್ಲ. ಇನ್ನೂರೈವತ್ತು ಕಿಲೋಮೀಟರು.

ಬೇಜಾರಾಗಬಾರದು ಅಂತ ಮಾಡಿದೆ ಎಂದೆನಲ್ಲ, ಸಭಿಕರೇ, ಅದನ್ನು ನಾನೂ ನಂಬಿಕೊಂಡಿದ್ದೆ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಆದರೆ ಆ ಅಂಗಳ ಖಾಲಿ ಇದ್ದದ್ದು ಏಕೆ? ಆ ಶಾಲೆಗೆ ಪತ್ರ ಬರೆಯುವ ಹೊಣೆ ನನ್ನದು. ಪತ್ರ ಅಂಚೆಯಲ್ಲಿ ಕಳೆದುಹೋಗಿರಬೇಕು ಎಂದು ಬಂದ ದಿನದಿಂದ ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಮೂರನೆಯ ಸಾಲಿನ ಹಿರಿಯರು ಈಗ ಎದ್ದಿದ್ದಾರೆ. ಒಳ್ಳೆಯದೇ ಆಯಿತು. ಸಾರ್, ನಿಮ್ಮ ಕಚೇರಿಯ ತಪ್ಪು ಏನೂ ಇಲ್ಲ. ಪತ್ರ ಇಲ್ಲಿದೆ. ಈ ಲಕೋಟೆ. ಅಂಟು ಹಾಕಿದ್ದೇನೆ, ವಿಳಾಸ ಬರೆದಿದ್ದೇನೆ, ಸ್ಟಾಂಪೂ ಇದೆ. ಡಬ್ಬಿಗೆ ಹಾಕಿಲ್ಲ. ಆ ಅಂಗಳದಲ್ಲಿ ಸ್ಪೀಕರ್ ತೆಗೆಯಲು ಚೀಲಕ್ಕೆ ಕೈ ಹಾಕಿದಾಗ ಮೊದಲು ಕೈಗೆ ಸಿಕ್ಕಿದ್ದು ಇದೇ. ಮರೆತಿದ್ದೆ ಎನ್ನಲು ಒಂದು ನಿಮಿಷ ಸಾಕಿತ್ತು. ಅದರ ಬದಲು ಇನ್ನೂರು ಜನರನ್ನು ಹುಟ್ಟಿಸಿದೆ. ಇದನ್ನು ಅವನಿಗೂ ಹೇಳಿರಲಿಲ್ಲ. ನಿಮ್ಮೆಲ್ಲರ ಜೊತೆ ಈಗಲೇ ಅವನೂ ಕೇಳುತ್ತಿದ್ದಾನೆ.

ವೇದಿಕೆಯ ಮೇಲೆ ಅವನ ಕುರ್ಚಿಯನ್ನು ನನ್ನ ಬೆನ್ನ ಹಿಂದೆಯೇ ಹಾಕಿಸಿದ್ದೇಕೆಂದು ಗ್ರಂಥಪಾಲಕರು ಕೇಳಿದ್ದರು. ಜೋಡಿ ಸೈಕಲ್ಲಿನಲ್ಲಿ ಸೀಟಿನಿಂದ ಸೀಟಿಗೆ ಎಷ್ಟು ದೂರವೋ ಅಷ್ಟೇ ದೂರಕ್ಕೆ ಹಾಕಿಸಿದ್ದೇನೆ. ನಾನು ತಿರುಗುವುದಿಲ್ಲ. ಮುಂದೆ ಕಾಣುವುದನ್ನು ಹೇಳುವುದು ಇವತ್ತೂ ನನ್ನ ಕೆಲಸ.

ಲೋ ಆಪರೇಟರ್, ಕೇಳು. ಆನೆ ಇಲ್ಲ. ಐವತ್ತಮೂರು ಕುರ್ಚಿ ಖಾಲಿ, ಒಂದು ಕೊಡೆ. ಅರುವತ್ತೇಳು ಜನ ಅಂದಿದ್ದೆ, ಈಗಷ್ಟೇ ಒಬ್ಬರು ಎದ್ದು ಹೋದರು, ಅರುವತ್ತಾರು. ಗೋಡೆಯ ಫ್ಯಾನು ಒಂದು ತಿರುಗುತ್ತಿಲ್ಲ. ಎರಡನೆಯ ಸಾಲಿನಲ್ಲಿ ಟೈಲರಣ್ಣ ಮೊಬೈಲು ನೋಡುತ್ತಿದ್ದರು, ಈಗ ಒಳಗಿಟ್ಟರು. ನಿನ್ನ ಅಮ್ಮ ನೀಲಿ ಸೀರೆಯಲ್ಲಿದ್ದಾರೆ. ಅವರು ನನ್ನ ಕಡೆ ನೋಡುತ್ತಿಲ್ಲ, ನನ್ನ ಹೆಗಲಿನಾಚೆ ನಿನ್ನನ್ನು ನೋಡುತ್ತಿದ್ದಾರೆ. ನಗುತ್ತಿದ್ದಾರೆ ಎಂದು ಹೇಳುವ ಆಸೆ, ಆದರೆ ನಗುತ್ತಿಲ್ಲ. ಕಾಯುತ್ತಿದ್ದಾರೆ. ಇಷ್ಟೇ ಇರುವುದು. ಇನ್ನೂರು ಅಲ್ಲ, ಅರುವತ್ತಾರು. ಆದರೆ ಎಲ್ಲರೂ ಓದಲು ಬಲ್ಲವರು.

ಸಭಿಕರೇ, ಅವನು ನನ್ನನ್ನು ನಂಬಬೇಕಿಲ್ಲ. ನಿಮ್ಮನ್ನು ನಂಬಿದರೆ ಸಾಕು. ನಾನು ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ.

ಥ್ಯಾಂಕ್ಸ್, ಬಲಗಡೆಯ ಮೂಲೆಯವರಿಗೆ. ಇದು ಬೀಡಿಯ ಕೆಮ್ಮು, ನರ್ಸಕ್ಕ ಗಮನಿಸಿಕೊಂಡರು. ಇದು ಎಡಗಡೆಯಿಂದ, ತೆಳ್ಳಗೆ, ಸಂಕೋಚದ್ದು. ಕುರ್ಚಿ ಎಳೆದವರಿಗೂ ಥ್ಯಾಂಕ್ಸ್. ಅಂಚೆಯ ಹಿರಿಯರೇ, ಅದು ಕೆಮ್ಮಲ್ಲ, ಆಕಳಿಕೆ. ಆದರೂ ಸ್ವಂತದ್ದು, ಸ್ವೀಕರಿಸಲಾಗಿದೆ. ಒಂದರ ಹಾಗೆ ಇನ್ನೊಂದಿಲ್ಲ. ಅಮ್ಮ, ನೀವು ಕೆಮ್ಮಬೇಕಿಲ್ಲ, ನಿಮ್ಮ ಬಳೆ ಸದ್ದು...

ಎರಡು ಸಲ.

ಸಭಿಕರೇ, ನಿಮಗೆ ಕಂಡಿರಬೇಕು. ನನಗೆ ಕಾಣಲಿಲ್ಲ, ಬೆನ್ನಿಗೆ ತಿಳಿಯಿತು.

ಹಾಗಾದರೆ ಇನ್ನು ನನ್ನದೇನಿದೆ? ಮೈಕನ್ನು ಅವನ ಎತ್ತರಕ್ಕೆ ಇಳಿಸಿಕೊಡುವುದೊಂದೇ. ಅದಕ್ಕೆ ಮೊದಲು ಅಧ್ಯಕ್ಷರಿಗೆ, ವೈದ್ಯರಿಗೆ, ಏಳುನೂರು ಕಿಲೋಮೀಟರು ಬನ್ನು ಹೊತ್ತ ಬೇಕರಿ ಅಣ್ಣನಿಗೆ, ನರ್ಸಕ್ಕನಿಗೆ, ಕಿಕ್ಕಿರಿಯದ ಈ ಸಭೆಯ ಒಬ್ಬೊಬ್ಬರಿಗೂ ನನ್ನ ವಂದನೆಗಳು. ಅವನ ಭಾಷಣಕ್ಕೆ ಬೇಕಾದರೆ ನಿಮ್ಮ ಸ್ವಂತ ಕೈಯಿಂದ ಚಪ್ಪಾಳೆ ತಟ್ಟಬಹುದು. ಪುಟ ಮಗುಚುವ ಸದ್ದಿನ ಬಗ್ಗೆ ಅವನು ಹೇಳುವಾಗ ಮಾತ್ರ ಸುಮ್ಮನೆ ಕೇಳಿ, ಏಕೆಂದರೆ ಆ ಭಾಗವನ್ನು ಅವನು ಎಷ್ಟು ಚೆನ್ನಾಗಿ...

ಒಂದು ಸಲ ತಟ್ಟಿದ.

ನಿಲ್ಲಿಸುತ್ತಿದ್ದೇನೆ. ನಮಸ್ಕಾರ.