ಕುತ್ತಿಗೆ ಪಟ್ಟಿ

ಮಂಗಳವಾರ ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ಆಯ್ತು. ಹಾಗಂತಲೇ ಬರೆದಿದ್ದೀನಿ ಭಾವ, ಸರಿ ತಾನೇ? ಬಾಯಿ ತೆರೀಬೇಡಿ! ತಲೆ ಆಡಿಸಿದ್ರೆ ಸಾಕು. ಗಂಟಲಿಗೆ ಬಿಸಿ ಗಾಳಿ ಹೋಗಿದೆ, ಒಂದು ವಾರ ಮಾತು ಬೇಡ ಅಂದಿದ್ದಾರೆ ಡಾಕ್ಟರ್. ಅದಕ್ಕೆ ಅಕ್ಕ ಏನಂದಳು ಗೊತ್ತಾ? 'ಮದುವೆಯಾಗಿ ಹದಿನಾರು ವರ್ಷ ಆಯ್ತು, ಈಗಲಾದ್ರೂ ನನ್ನ ಮಾತು ಪೂರ್ತಿ ಕೇಳ್ತಾರೆ' ಅಂತ. ಅಯ್ಯೋ, ನಗಬೇಡಿ! ಎದೆ ಅಲುಗುತ್ತೆ, ಬ್ಯಾಂಡೇಜು ಜಾರುತ್ತೆ.

ಅವಳು ಔಷಧಿ ತರೋಕೆ ಕೆಳಗೆ ಹೋಗಿದ್ದಾಳೆ. ಬರೋದರೊಳಗೆ ಇದನ್ನ ಮುಗಿಸಿಬಿಡೋಣ. ನಾಲ್ಕು ಗಂಟೆಗೆ ಇನ್ಸ್‌ಪೆಕ್ಟರ್ ಬರ್ತಾರೆ, ಅಷ್ಟರಲ್ಲಿ ನಿಮ್ಮ ಹೇಳಿಕೆ ಬೇಕು. ನೀನೇ ಯಾಕೆ ಬಂದೆ ಅಂತಲಾ? ಫ್ಯಾಕ್ಟರಿಯ ಸುರಕ್ಷತೆ ನೋಡ್ಕೊಳ್ಳೋದು ನಾನು ತಾನೇ? ನಾದಿನಿ ಅನ್ನೋದು ಆಮೇಲಿನ ಮಾತು.

ಓದ್ತೀನಿ, ಕೇಳಿ. ಐದನೇ ಕರೆಂಟ್ ಬೋರ್ಡು ಆಫ್ ಮಾಡಿದ್ರಿ. ಬಾಗಿಲು ತೆಗೆದ್ರಿ. ನಿಜವಾಗ್ಲೂ ಆಫ್ ಆಗಿದೆಯಾ ಅಂತ ಮೀಟರ್ ಇಟ್ಟು ನೋಡೋಕೆ ಹೋದ್ರಿ. ಮೇಲಿನ ಕಂಬಿಗಳಲ್ಲಿ ಯಾವಾಗಲೂ ಕರೆಂಟ್ ಇರುತ್ತಲ್ಲ, ಸಡಿಲ ಆಗಿದ್ದ ಒಂದು ಸ್ಕ್ರೂ ಅವುಗಳ ಮಧ್ಯೆ ಬಿತ್ತು. ಆರ್ಕ್ ಹೊಡೀತು. ಬೆಂಕಿಯ ಉಂಡೆ... ನೀವು ಏನನ್ನೂ ಮುಟ್ಟಿರಲಿಲ್ಲ, ಆದ್ರೂ ಸುಟ್ಟಿತು. ಹೌದಾ? ಹೌದು.

ಈಗ ಮುಂದಿನ ಸಾಲು. 'ಆ ಸಮಯದಲ್ಲಿ ಮುಖ, ಕುತ್ತಿಗೆ ಮುಚ್ಚುವ ನನ್ನ ಟೋಪಿಯ ಕುತ್ತಿಗೆ ಪಟ್ಟಿ ಬಿಚ್ಚಿತ್ತು. ಆ ಸಂದಿಯಿಂದ ಬಿಸಿ ಕೋಟಿನೊಳಗೆ ನುಗ್ಗಿತು.'

ಯಾಕೆ ಇಲ್ಲ ಅಂತೀರಿ? ನೆನಪಿಲ್ಲದೆ ಇರಬಹುದು ಭಾವ... ಗೊತ್ತು, ಗೊತ್ತು! ಬೇರೆಯವರ ಪಟ್ಟಿಯನ್ನೂ ಎಳೆದೆಳೆದು ನೋಡೋರು ನೀವು. ನಿಮ್ಮ ಬೆನ್ನ ಹಿಂದೆ ಪಾಳಿಯವರೆಲ್ಲ 'ಅತ್ತೆಮ್ಮ' ಅಂತಾರೆ, ಗೊತ್ತಾ? ಗೊತ್ತಾ! ಸರಿ ಬಿಡಿ.

ಆದ್ರೆ ಲೆಕ್ಕ ನೋಡಿ. ಬಾಗಿಲ ಮೇಲಿನ ಸ್ಟಿಕ್ಕರ್ ಏನು ಹೇಳುತ್ತೆ? ಆರ್ಕ್ ಆದ್ರೆ ಬರೋ ಬಿಸಿಯ ಅಳತೆ ನಾಲ್ಕು. ನಿಮ್ಮ ಕೋಟು ತಡೆಯೋದು ಎಂಟು. ನಾಲ್ಕರ ಬಿಸಿಗೆ ಎಂಟರ ಕೋಟಿನೊಳಗಿದ್ದ ಮೈ ಸುಡಬಾರದು. ಸುಟ್ಟಿದೆ. ಅಂದ್ರೆ ಎಲ್ಲೋ ಸಂದಿ ಇತ್ತು. ಬೇರೆ ದಾರಿಯೇ ಇಲ್ಲ!

ದೊಡ್ಡ ಶಿಕ್ಷೆ ಏನಲ್ಲ. ಬೋರ್ಡು ತೆರೆಯೋ ಪರ್ಮಿಟ್ ವಾಪಸ್ ತಗೋತಾರೆ... ಸ್ವಲ್ಪ ದಿನ. ಸ್ಟೋರಿನಲ್ಲಿ ಕೂರಿಸ್ತಾರೆ. ಹಾಗೆ ನೋಡಬೇಡಿ. ಇಪ್ಪತ್ತೆರಡು ವರ್ಷದ ಕೆಲಸ ಅಂತ ನನಗೆ ಗೊತ್ತಿಲ್ವಾ? ಎಡಗೈ ಹೆಬ್ಬೆಟ್ಟು ಒತ್ತಿಬಿಡಿ, ಸಾಕು.

ಏನು? ಗದ್ದ ಯಾಕೆ ಎತ್ತುತ್ತಿದ್ದೀರಿ? ನೀರು ಬೇಕಾ? ದಿಂಬು ಸರಿ ಮಾಡಲಾ?

ಓ... ಕುತ್ತಿಗೆ ತೋರಿಸ್ತಿದ್ದೀರಾ.

ಸರಿ. ಕುತ್ತಿಗೆ ಸುಟ್ಟಿಲ್ಲ. ಒಂದು ಬೊಬ್ಬೆಯೂ ಎದ್ದಿಲ್ಲ. ಟೋಪಿ ದಪ್ಪದ್ದು, ಪಟ್ಟಿ ಬಿಗಿಯಾಗಿತ್ತು... ಇತ್ತು ಅಂತಲೇ ಇಟ್ಕೊಳ್ಳೋಣ. ಹಾಗಾದ್ರೆ ಎದೆ ಸುಟ್ಟಿದ್ದು ಕೋಟನ್ನೇ ದಾಟಿ. ಹಾಗಾದ್ರೆ ಬಿಸಿ ನಾಲ್ಕಲ್ಲ...

ತಲೆ ಆಡಿಸಿ ಭಾವ. ಹೌದು ಅನ್ನಿ, ಇಲ್ಲ ಅನ್ನಿ, ಏನಾದ್ರೂ ಅನ್ನಿ. ಇಷ್ಟು ಹೊತ್ತು ಆಡಿಸ್ತಿದ್ರಲ್ಲ! ಸುಮ್ಮನೆ ನೋಡಬೇಡಿ... ನೋಡಬೇಡಿ ಅಂದೆ!

ಹೋದ ತಿಂಗಳು ದೊಡ್ಡ ಮೋಟಾರ್ ಶುರು ಮಾಡಿದಾಗಲೆಲ್ಲ ಮೇನ್ ಸ್ವಿಚ್ ಟ್ರಿಪ್ ಆಗಿ ಕರೆಂಟ್ ಹೋಗ್ತಿತ್ತಲ್ಲ. ದಿನಕ್ಕೆ ಮೂರು ಸಲ ಎಲ್ಲ ಕೆಲಸ ನಿಂತುಹೋಗಿ, ಮ್ಯಾನೇಜರ್ ನನ್ನ ತಲೆ ತಿಂದುಬಿಟ್ರು. ಅದಕ್ಕೆ ಮೇನ್ ಟ್ರಿಪ್ ಆಗೋದನ್ನ ಸ್ವಲ್ಪ ತಡ ಮಾಡಿದೆ. ನಾನೇ. ಸೆಕೆಂಡಿನ ಹತ್ತನೇ ಒಂದು ಭಾಗ ಇದ್ದದ್ದನ್ನ ಅರ್ಧ ಸೆಕೆಂಡಿಗೆ ಇಟ್ಟೆ. ಮೇನ್ ಟ್ರಿಪ್ ಆಗೋವರೆಗೂ ಆರ್ಕ್ ಆರಲ್ಲ. ಐದು ಪಟ್ಟು ಹೊತ್ತು ಉರಿಯುತ್ತೆ, ಬಿಸಿ ಐದು ಪಟ್ಟು. ನಾಲ್ಕಲ್ಲ. ಇಪ್ಪತ್ತು. ಸ್ಟಿಕ್ಕರ್ ಬದಲಿಸಲಿಲ್ಲ. ಎರಡೇ ದಿನಕ್ಕೆ ಅಂದ್ಕೊಂಡಿದ್ದೆ, ಆಮೇಲೆ ಮರೆತೆ... ಇಲ್ಲ. ಮರೆಯಲಿಲ್ಲ. ಬದಲಿಸಿದ್ರೆ ಎಲ್ಲರಿಗೂ ದಪ್ಪ ಕೋಟು ಬೇಕು. ಅದು ಬರೋವರೆಗೆ ಯಾರೂ ಬಾಗಿಲು ತೆರೆಯೋ ಹಾಗಿಲ್ಲ. ಮ್ಯಾನೇಜರ್ ಮುಂದೆ ಅದನ್ನ ಹೇಳೋಕೆ ಹೆದರಿದೆ.

ಈ ಕಾಗದ ಹರೀತೀನಿ. ನೋಡಿ, ಹರಿದೆ. ಇನ್ಸ್‌ಪೆಕ್ಟರ್‌ಗೆ ನಾನೇ ಹೇಳ್ತೀನಿ, ಆಯ್ತಾ?

ಇನ್ನೇನು? ಯಾಕೆ ಇನ್ನೂ ಹಾಗೇ...

ಮೇನ್ ಮೊದಲಿನ ಹಾಗೆ ಮಾಡಿದೆಯಾ ಅಂತಲಾ?

ಇಲ್ಲ ಭಾವ. ಕೊನೇ ಸಲ ಯಾವಾಗ ಮುಟ್ಟಿದ್ದು ಅಂತ ಅದರಲ್ಲಿ ದಿನಾಂಕ ಉಳಿಯುತ್ತೆ. ಮಂಗಳವಾರ ಆದಮೇಲೆ ಯಾರೋ ಬದಲಿಸಿದ್ದಾರೆ ಅಂತ ಗೊತ್ತಾಗಿಬಿಡುತ್ತೆ ಅಂತ... ಹಾಗೇ ಬಿಟ್ಟಿದ್ದೀನಿ. ಇವತ್ತು ಶುಕ್ರವಾರ.

ಫೋನ್ ಮಾಡ್ತೀನಿ. ಈಗಲೇ. ಯಾರೂ ಬಾಗಿಲು ಮುಟ್ಟಬೇಡಿ ಅಂತ... ರಿಂಗ್ ಆಗ್ತಿದೆ... ಎತ್ತುತ್ತಿಲ್ಲ. ಎರಡನೇ ಪಾಳಿಯವರು ಆಗಲೇ ಒಳಗೆ ಹೋಗಿರ್ತಾರೆ. ಎತ್ತಿ, ಎತ್ತಿ... ಇನ್ನೊಂದು ಸಲ ಮಾಡ್ತೀನಿ.

ಆ ಮೇನ್‌ನಿಂದ ಕರೆಂಟ್ ಹೋಗೋ ಬೋರ್ಡುಗಳು, ನಿಮ್ಮದು ಬಿಟ್ಟು, ಹನ್ನೊಂದು.