ಬಾ ಅಂದ್ರೆ

…ಇಲ್ಲ ಇಲ್ಲ, ಪೂರ್ತಿ ಕೇಳಿ ಮೊದ್ಲು. ಗುಜರಾತಿನವರ ಮಾತಲ್ಲಿ ಬಾ ಅಂದ್ರೆ ಅಮ್ಮ ಅಂತೆ ಕಣ್ರೀ! ಹ್ಞೂಂ, ಅಮ್ಮ! ಮರಾಠಿಯಲ್ಲಿ ನೋಡಿದ್ರೆ ಅದೇ ಬಾ ಅಪ್ಪ ಆಗೋಗತ್ತೆ. ಪಕ್ಕಪಕ್ಕದ ಸೀಮೆಗಳು, ಇಲ್ಲಿ ಅಪ್ಪ, ಅಲ್ಲಿ ಅಮ್ಮ… ತಮಾಷೆಯಾಗಿಲ್ವಾ?

ಮುದ್ದೆ ಆರೋಗ್ತಿದೆ. ಮುರ್ಕೊಳ್ಳಿ. ಒಂದೇ ಒಂದು ತುತ್ತು.

ಸರಿ ಬಿಡಿ. ಆಮೇಲೆ ತಿನ್ನಿ. ಭಾನುವಾರ ತಾನೇ, ಅವಸರ ಏನಿಲ್ಲ.

ಇದೆಲ್ಲಾ ಎಲ್ಲಿ ಕಲಿತುಕೊಂಡು ಬಂದಳು ಅಂತೀರಾ? ಬೆಳಿಗ್ಗೆ ಕೊಟ್ರಯ್ಯ ಮೇಷ್ಟ್ರ ಮನೆಗೆ ಹೋಗಿದ್ದೆ. ನಮ್ಮ ಬೀದಿ ಕೊನೇಲಿ, ಚನ್ನಬಸಮ್ಮನ ಯಜಮಾನ್ರು, ಹಿಂದಿ ಪಾಠ ಹೇಳ್ತಿದ್ರಲ್ಲ… ಅವರು ಚಿಕ್ಕವರಿದ್ದಾಗ ಕಾಶೀಲಿ, ಜಂಗಮವಾಡಿ ಮಠದಲ್ಲಿ ಇದ್ದು ಓದಿದವರಂತೆ. ಆ ಕಡೆ ಜನರ ಮಾತು ಅವರಿಗೆ ನೀರು ಕುಡಿದಂಗೆ. ಲಲ್ಲನ್ ಅಪ್ಪನ್ನ ಅವರ ಹತ್ರಾನೇ ಕರ್ಕೊಂಡು ಹೋಗಿದ್ದು.

ಯಾಕೆ, ತಪ್ಪಾಯ್ತಾ? ಹಂಗ್ಯಾಕೆ ಮುಖ ತಿರುಗಿಸ್ತೀರ? ಪಾಪ ಮುದುಕ. ತಂತಿ ನೋಡ್ಕೊಂಡು, ಬಲಿಯಾ ಅಂತ ಅವರೂರು, ಅಲ್ಲಿಂದ ರೈಲು ಹತ್ತಿ ಬರೋದ್ರೊಳಗೆ ಇಲ್ಲಿ ಮಗನ ಸಂಸ್ಕಾರಾನೂ ಮುಗ್ದೋಗಿತ್ತು. ಮಗನ ರೂಮಲ್ಲಿ ಒಬ್ಬರೇ ಕೂತ್ಕೊಂಡು, ಬಂದವರನ್ನೆಲ್ಲಾ ಏನೋ ಕೇಳ್ತಾರೆ. ಯಾರಿಗೂ ತಿಳಿಯಲ್ಲ. ನಿಮ್ಮ ಜೊತೆ ಕೆಲಸದ ಮುನಿಯಣ್ಣ ಹೂಂ ಹೂಂ ಅಂತ ತಲೆ ಆಡಿಸಿ ಬಂದ್ಬಿಡ್ತಾನೆ. ನನಗೆ ಹಂಗೆ ಬರೋಕೆ ಆಗ್ಲಿಲ್ಲ. ಅಷ್ಟೇ.

ಅದಿರ್ಲಿ. ನಾಳೆ ವಿಚಾರಣೆ ವಿಷಯ ಮಾತಾಡೋಣ. ಗುರುರಾಜ್ ಸಾರ್ ನಿನ್ನೆ ಮನೆಗೇ ಬಂದು ಹೇಳಿ ಹೋಗಿದ್ದಾರೆ, ಮ್ಯಾನೇಜರ್ ಆದವರು! "ಯಮುನಾ, ನಿನ್ನ ಗಂಡನಿಗೆ ಚೆನ್ನಾಗಿ ಹೇಳ್ಕೊಡಮ್ಮಾ, ಇನ್ಸ್‌ಪೆಕ್ಟರ್ ಮುಂದೆ ತಬ್ಬಿಬ್ಬಾಗೋದು ಬೇಡ" ಅಂದ್ರು. ನೀವು ಬಾಯಿ ಬಿಡಲ್ಲ, ನಾನೇ ನೀವಾಗಿ ಹೇಳ್ತೀನಿ. ಸರಿಯಾಗಿದ್ಯಾ ನೋಡಿ.

"ಸಾರ್, ನಾನು ಶ್ರೀಧರ್, ಕ್ರೇನ್ ಆಪರೇಟ್ರು…" ಅಯ್ಯೋ, ನೋಡಿ, ನಿಮ್ಮಿಂದಾಗಿ ನಿಮ್ಮ ಹೆಸರನ್ನೂ ನನ್ನ ಬಾಯಲ್ಲೇ ಹೇಳೋ ಹಂಗಾಯ್ತು. ನಗೋದೂ ಇಲ್ವಾ? ಸರಿ. "ಅವತ್ತು ಕ್ರೇನಲ್ಲಿ ಡೈ ಇಳಿಸ್ತಿದ್ದೆ ಸಾರ್. ಎಮ್ಮೆ ಗಾತ್ರದ ಕಬ್ಬಿಣದ ಅಚ್ಚು, ಅದರ ಆಚೆ ಕಡೆ ಏನಿದೆ ಅಂತ ನನಗೆ ಕಾಣಲ್ಲ. ಆಚೆ ನಿಂತವನು ಕೂಗಿ ಹೇಳ್ಬೇಕು. ಬಾ ಬಾ ಅಂದ್ರೆ ಇಳಿಸ್ಬೇಕು, ಸಾಕು ಅಂದ್ರೆ ನಿಲ್ಲಿಸ್ಬೇಕು. ದಿನಾ ಮುನಿಯಣ್ಣ ಹೇಳ್ತಿದ್ದ, ಅವತ್ತು ಅವನು ರಜ. ಲಲ್ಲನ್ ನಿಂತಿದ್ದ. ಅವನಿಗೂ ಆ ಕೆಲಸ ಗೊತ್ತಿತ್ತು, ನಾವೇ ಕಲಿಸಿದ್ವಿ…"

ಹೌದು ತಾನೇ? ಬಂದ ಹೊಸದರಲ್ಲಿ ಅವನಿಗೆ ಬರ್ತಿದ್ದ ಕನ್ನಡ ಅಷ್ಟೇ. ಬಾ, ಸಾಕು, ಊಟ.

"…ಅವನು ಬಾ ಅಂದ ಸಾರ್. ನಾನು ಇಳಿಸ್ದೆ."

ಮುಗೀತು. ಇದರಲ್ಲಿ ಸುಳ್ಳೆಲ್ಲಿದೆ ಹೇಳಿ? ಅವನು ಬಾ ಅಂದ, ನೀವು ಬಾ ಅಂತಾನೇ ಕೇಳಿಸ್ಕೊಂಡ್ರಿ. ಆ ಶೆಡ್ಡಿನ ಗಲಾಟೇಲಿ ಅದೊಂದಾದ್ರೂ ಕೇಳಿಸ್ತಲ್ಲ. ಹುಡುಗ ತಾನೇ ತಪ್ಪು ಸಿಗ್ನಲ್ ಕೊಟ್ಟ ಅಂತ ಬರ್ಕೊಂಡು ಫೈಲು ಮುಚ್ತಾರೆ. "ಇನ್ನೇನಾದ್ರೂ ಸೇರಿಸಿದ್ರೆ ಶ್ರೀಧರ್ ಮೇಲೇ ಕೇಸು ಬೀಳತ್ತೆ, ಆಮೇಲೆ ನನ್ನ ಕೈಲೂ ಏನಾಗಲ್ಲ" ಅಂದ್ರು ಗುರುರಾಜ್ ಸಾರ್. ಹೆದರಿಸಿದ್ದಲ್ಲ, ಪಾಪ, ಒಳ್ಳೇ ಮಾತಲ್ಲೇ ಅಂದ್ರು.

ಏನ್ರೀ ಅದು, ತಟ್ಟೆ ಯಾಕೆ ಸರಿಸ್ತೀರ?

ಬೇಡ್ವಾ. ಸರಿ, ಮುಚ್ಚಿಡ್ತೀನಿ.

…ಎಲ್ಲಿದ್ದೆ? ಹಾಂ, ಮೇಷ್ಟ್ರ ಮನೆ. ನಮ್ಮ ಬಾ ಇದ್ಯಲ್ಲ, ಅದೂ ತಮಿಳರ ವಾ-ನೂ ಒಂದೇ ಬಸುರಿನ ಮಕ್ಕಳಂತೆ. ಅವರು ವ ಅನ್ನೋ ಕಡೆ ನಾವು ಬ ಅಂತೀವಂತೆ. ಅವರ ವೇಂಡಾಂ, ನಮ್ಮ ಬೇಡ. ಅವರ ವಾ, ನಮ್ಮ ಬಾ. ಯೋಚನೆ ಮಾಡಿದ್ರೆ ಹೌದಲ್ಲ ಅನ್ಸತ್ತೆ! ಇನ್ನು ನಮ್ಮ ಸಾಬರು "ಕ್ಯಾ ಬಾ" ಅಂತಾರಲ್ಲ, ಗ್ಯಾರೇಜಿನ ರಶೀದ್ ಅಣ್ಣ ನಿಮಗೆ ಅನ್ನಲ್ವಾ, ಅಲ್ಲಿ ಬಾ ಅಂದ್ರೆ ಅಣ್ಣ, ಗುರು, ಮಾರಾಯ, ಹಂಗೆ. ಒಂದು ಅಕ್ಷರ ಕಣ್ರೀ. ಚನ್ನಬಸಮ್ಮ ಕಾಫಿ ತಂದಿಟ್ಟು, "ನಮ್ಮನೆಯವ್ರಿಗೆ ಇದೊಂದು ಸಿಕ್ರೆ ಉಣ್ಣಾಕ ಬ್ಯಾಡವಾ" ಅಂತ ನಕ್ರು. ನಾನೂ ನಕ್ಕೆ. ಮುದುಕರು ಮೂಲೇಲಿ ಚಾಪೆ ಮೇಲೆ ಕೂತಿದ್ರು. ಕಾಫಿ ಮುಟ್ಟಲಿಲ್ಲ.

ಪಕ್ಕದ ಮನೇಲಿ ಟೀವಿ ಸಿನಿಮಾ ಶುರುವಾಯ್ತು. ಕಿಟಕಿ ಹಾಕ್ಲಾ?

…ಗುಜರಾತಿ ಹೇಳಿದೆ. ಮರಾಠಿ ಹೇಳಿದೆ. ತಮಿಳು, ಸಾಬರ ಮಾತು… ಎಲ್ಲಾ ಹೇಳಿದೆನಲ್ಲ. ಇನ್ನೇನು ಉಳೀತು?

ಏನೂ ಉಳೀಲಿಲ್ಲ.

ಯಾಕ್ರೀ? ಯಾಕೆ ನನ್ನನ್ನೇ ನೋಡ್ತಿದ್ದೀರ? ಇಷ್ಟು ದಿನ ನನ್ನ ಮುಖ ನೋಡದವರು ಈಗ… ಬೇಡ. ಹಂಗೆ ನೋಡ್ಬೇಡಿ. ಕೇಳೋದಿದ್ರೆ ಬಾಯಿ ಬಿಟ್ಟು ಕೇಳಿ. "ಲಲ್ಲನ್ ಭಾಷೇಲಿ ಏನಂದ್ರು ಯಮುನಾ" ಅಂತ ಕೇಳಿ. ಕೇಳಿದ್ರೆ, ಅದೊಂದು ಮೇಷ್ಟ್ರಿಗೂ ಗೊತ್ತಿಲ್ವಂತೆ ಅಂದ್ಬಿಡೋಣ ಅಂತಿದ್ದೆ. ದಾರಿ ಉದ್ದಕ್ಕೂ ಅದನ್ನೇ ಬಾಯಿಪಾಠ ಮಾಡ್ಕೊಂಡು ಬಂದೆ.

ನೀವು ಕೇಳ್ತಾನೇ ಇಲ್ಲ.

ಅಂದ್ರೆ… ಗೊತ್ತಾಗಿದೆ ನಿಮಗೆ. ಡೈ ಮೇಲೆತ್ತಿದಾಗ ಮೊದಲು ನೋಡಿದವರು ನೀವು. ಕಾಲು ಹೆಂಗೆ ಸಿಕ್ಕಿತ್ತು ಅಂತ ನೋಡಿದ್ದೀರಲ್ಲ.

ತಡೀರಿ. ಒಂದು ಲೋಟ ನೀರು ಕುಡೀತೀನಿ.

ಹಗಲೆಲ್ಲಾ ನೀವು ಮಾತಾಡಲ್ಲ. ನಿದ್ದೇಲಿ ಮಾತಾಡ್ತೀರ. ಗೊತ್ತಾ ನಿಮಗೆ? ನಾನು ಹೇಳಿರಲಿಲ್ಲ. ಗೋಡೆ ಅಂತೀರ, ಫಸಲು ಅಂತೀರ, ಆಮೇಲೆ ಬಾ. ಗೋಡೆ, ಫಸಲು, ಬಾ. ಮೊದಲು ನನಗನ್ನಿಸಿತು, ನಮಗಿದ್ದ ಹೊಲದಲ್ಲಿ ಫ್ಯಾಕ್ಟರಿ ಶೆಡ್ಡು ಎದ್ದು ಎಷ್ಟೋ ಕಾಲ ಆಯ್ತು, ಇವರಿಗೆ ಯಾವ ಫಸಲು ಈಗ ಕನಸಲ್ಲಿ ಅಂತ. ಆಮೇಲೆ ಅದೇ ಮೂರು, ಅದೇ ಸಾಲಲ್ಲಿ, ದಿನಾ. ಧ್ವನಿ ನಿಮ್ಮದಲ್ಲ ಅನ್ಸೋದು. ಕೂಗು ಅದು.

ಬೆಳಿಗ್ಗೆ ಮೇಷ್ಟ್ರು ಮುದುಕರನ್ನ ಮಾತಾಡಿಸಿದ್ರು. ಅವರು ಎಲ್ಲರ ಹತ್ರ ಕೇಳ್ತಿದ್ದದ್ದು ಒಂದೇ ಅಂತೆ. ನನ್ನ ಮಗ ಕೊನೇಲಿ ಏನಂದ? ನನ್ನ ಕೇಳ್ಕೊಂಡು ಮೇಷ್ಟ್ರು ಅಂದ್ರು, ಬಾ ಅಂದನಂತೆ. ಮುದುಕರು ತಲೆ ಎತ್ತಿ, "ಬಾ? ಕಾ ಬಾ?" ಅಂದ್ರು. ನಾನೇ ಕೇಳ್ದೆ, ಏನಂತೆ ಅಂತ. "ಏನು ಇದೆ ಅಂತ ಕೇಳ್ತಿದ್ದಾರಮ್ಮ. ಇವರಲ್ಲಿ ಬಾ ಅಂದ್ರೆ ಬಾ ಅಲ್ಲ. ಬಾ ಅಂದ್ರೆ ಇದೆ" ಅಂದ್ರು. ಸಂಸ್ಕೃತದ ವರ್ತತೇ ಸವೆದೂ ಸವೆದೂ ಇವರ ಬಾಯಲ್ಲಿ ಬಾ ಆಗಿ ಉಳೀತಂತೆ. ಬರೀ ಬಾ ಅಂತ ಯಾರೂ ಕೂಗಲ್ವಂತೆ, ಅದಕ್ಕೆ ಮುಂಚೆ ಏನೋ ಇರ್ಲೇಬೇಕಂತೆ.

ಆಗ ನೆನಪಾಯ್ತು ನೋಡಿ. ಲಲ್ಲನ್ ನಮ್ಮ ಬಾಗಿಲಿಗೆ ಬಂದು "ಭಾಭೀ, ನೂನ್ ಬಾ?" ಅಂತಿದ್ನಲ್ಲ, ಕೈಯಲ್ಲಿ ಬಟ್ಟಲು ಹಿಡ್ಕೊಂಡು. ಉಪ್ಪನ್ನೇ ಬಾ ಅಂತ ಕರೀತಾನೆ ಪೆದ್ದ ಅಂತ ನಾನು ನಗ್ತಿದ್ದೆ, ನೀವೂ ನಗ್ತಿದ್ರಿ. ಉಪ್ಪು ಇದೆಯಾ ಅಂತ ಕೇಳ್ತಿದ್ದ ಅವನು.

ತಡೀಲಾರದೆ ಬಾಯಿ ಬಿಟ್ಟೆ. ನಮ್ಮನೆಯವರು ನಿದ್ದೇಲಿ ಹಿಂಗಂತಾರೆ ಸಾರ್ ಅಂತ ಹೇಳ್ದೆ. ಗೋಡೆ, ಫಸಲು, ಬಾ. ಮೇಷ್ಟ್ರು ಬಾಯಿ ತೆರೆಯೋ ಮೊದಲೇ ಮುದುಕರು ಅಂದ್ರು. ನಿಧಾನಕ್ಕೆ ಅಂದ್ರು. "ಗೋಡ್ ಫಸಲ್ ಬಾ."

ಅವರಲ್ಲಿ ಗೋಡ್ ಅಂದ್ರೆ ಕಾಲಂತೆ ಕಣ್ರೀ.

ಕಾಲು ಸಿಕ್ಕಿಹಾಕ್ಕೊಂಡಿದೆ.

…ಅಷ್ಟೇ ಅಂದಿದ್ದು ಅವನು. ಬಾ ಅಂತ ಕರೀಲಿಲ್ಲ. ನೋವಲ್ಲಿ ನಾವು ಕಲಿಸಿದ ಕನ್ನಡ ಎಲ್ಲಿಂದ ಬರ್ಬೇಕು, ಅವರಮ್ಮ ಕಲಿಸಿದ್ದು ಬಂತು. ಅದರಲ್ಲಿ ಕೊನೇ ತುಂಡು ಮಾತ್ರ ನಿಮಗೆ ತಿಳಿದದ್ದು. ಉಳಿದದ್ದೂ ಕಿವಿಗೆ ಬಿದ್ದಿತ್ತು, ಎಲ್ಲೋ ಹೋಗಿ ಕೂತಿತ್ತು.

ಮುದುಕರು ಅಳಲಿಲ್ಲ. ನಾನು ಅಳ್ತಾರೇನೋ ಅಂದ್ಕೊಂಡಿದ್ದೆ. ನನಗೂ ಅಳು ಬರ್ಲಿಲ್ಲ. ಕಾಫಿ ಲೋಟದ ಮೇಲೆ ಕೆನೆ ಕಟ್ಟಿತ್ತು, ಅದನ್ನೇ ನೋಡ್ತಾ ಕೂತಿದ್ದೆ. "ಇದನ್ನ ಕೇಳಿಸ್ಕೊಂಡವರು ಯಾರು, ಅವರನ್ನ ನೋಡ್ಬೇಕು" ಅಂದ್ರಂತೆ. ಮೇಷ್ಟ್ರು ಹೇಳಿದ್ರು. ನಾನು, ಅವರಿಗೆ ಮೈ ಸರಿಯಿಲ್ಲ, ಮಲಗಿದ್ದಾರೆ ಅಂತ ಅಂದು ಎದ್ದು ಬಂದ್ಬಿಟ್ಟೆ. ಬಂದವಳೇ ಹಿಟ್ಟು ತಿರುವೋಕೆ ಕೂತೆ. ನಿಮಗೆ ಬರೀ ಅಪ್ಪ ಅಮ್ಮ ಅಂತ ಕಥೆ ಹೇಳ್ತಾ ಕೂತೆ.

ಯಾಕೆ ಅಂತ ಗೊತ್ತಲ್ಲ. ಇದು ಗೊತ್ತಾದ್ರೆ ನೀವು ನಾಳೆ ಗುರುರಾಜ್ ಸಾರ್ ಹೇಳ್ಕೊಟ್ಟಿದ್ದು ಹೇಳಲ್ಲ. ನನಗೆ ಗೊತ್ತು ನಿಮ್ಮನ್ನ. ಕೆಲಸ ಹೋದ್ರೆ ಹೋಗ್ಲಿ ಅನ್ನೋ ಅಷ್ಟು ಧೈರ್ಯ ನನಗಿಲ್ಲ ರೀ. ಈಗ್ಲೂ ಇಲ್ಲ. ಆದ್ರೆ ಆ ಮುದುಕರು ಊರಿಗೆ ಹೋಗಿ ಹೆಂಡ್ತಿಗೆ ಏನ್ ಹೇಳ್ಬೇಕು? ನಿನ್ನ ಮಗ ತಾನೇ ಬಾ ಬಾ ಅಂತ ಕರ್ದು ಮೈಮೇಲೆ ಹಾಕ್ಕೊಂಡ ಅಂತಾನಾ?

ಎದ್ರಾ…

ಎಲ್ಲಿಗೆ ಅಂತ ಕೇಳಲ್ಲ. ಶರ್ಟು ಅಲ್ಲಿ ಗೂಟದ ಮೇಲಿದೆ. ಕೊಡಿ ಇಲ್ಲಿ, ಗುಂಡಿ ನಾನು ಹಾಕ್ತೀನಿ.

ನಾಳೆದು ನಾಳೆ ನೋಡೋಣ. ಇನ್ಸ್‌ಪೆಕ್ಟರ್ ಮುಂದೆ ನಾನೂ ನಿಮ್ಮ ಪಕ್ಕ ನಿಂತ್ಕೋತೀನಿ, ಯಾರು ಬೇಡ ಅಂತಾರೋ ಅನ್ಲಿ.

ಮುದುಕರು ಇನ್ನೂ ಮೇಷ್ಟ್ರ ಜಗುಲಿ ಮೇಲೇ ಇರ್ತಾರೆ. ಏನ್ ಹೇಳ್ಲಿ ಅಂತ ಯೋಚನೆ ಮಾಡ್ಬೇಡಿ, ಕ್ಷಮೆ ಗಿಮೆ ಅಂತೆಲ್ಲ ಮಾತು ಹುಡುಕ್ಬೇಡಿ. ಕಿವಿಗೆ ಹೆಂಗೆ ಬಿತ್ತೋ ಹಂಗೇ ಹೇಳ್ಬಿಡಿ. ಮೇಷ್ಟ್ರೂ ಬೇಕಾಗಲ್ಲ. ಅದು ಅವರ ಮಾತೇ.